ತಿಕೋಟಾದ ದರ್ಜಿಯ ಫ್ರೆಂಚ್ ಮೂಲ

ಸಿನಿಮಾ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳು ಹರಿಯುತ್ತವಲ್ಲ, ಅವನ್ನು ಕೊನೆಯವರೆಗೂ ಓದುವ ಚಟ ನನಗೆ ಅಂಟಿಕೊಂಡದ್ದು ನಿವೃತ್ತಿಯಾದ ಮೇಲೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ದಿನಕ್ಕೊಮ್ಮೆಯಾದರೂ ಯಾರದಾದರೂ ಹಾಜರಿ ತೆಗೆದುಕೊಳ್ಳದಿದ್ದರೆ ಉಂಡದ್ದು ಕರಗುವುದಿಲ್ಲ. ದೀಪ ಹಿಡಿದವನು, ಕುದುರೆ ನೋಡಿಕೊಂಡವನು, ನಾಯಕಿಯ ಕೂದಲು ಬಾಚಿದವಳು, ಎಲ್ಲರೂ ಬಂದಿದ್ದಾರೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಟಿ.ವಿ. ಆರಿಸುವುದು. ನನ್ನ ಯಜಮಾನರಿಗೆ ಇದು ಹುಚ್ಚಾಗಿ ಕಾಣುತ್ತದೆ. "ಅವರೆಲ್ಲ ನಿನಗ ಬೀಗರೇನು? ಏಳು, ಚಾ ಮಾಡು," ಎನ್ನುತ್ತಾರೆ. ನಾನು ಏಳುವುದಿಲ್ಲ. ಈಗೀಗ ಅವರೇ ಚಹಾ ಮಾಡುವುದನ್ನು ಕಲಿತಿದ್ದಾರೆ. ಹೀಗೆ ಈ ಚಟದಿಂದ ಒಂದು ಉಪಕಾರವೂ ಆಗಿದೆ.

ಅಪಕಾರವೂ ಆಗಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಹೋದ ಚಳಿಗಾಲದ ಒಂದು ಮಧ್ಯಾಹ್ನ, ಊಟವಾಗಿ ಸುಮ್ಮನೆ ಒಂದೊಂದೇ ಚಿತ್ರದ ಮೊದಲ ಎರಡು ನಿಮಿಷ ನೋಡಿ ಬಿಡುತ್ತಾ ಹೋಗುತ್ತಿದ್ದೆ. ಬಣ್ಣ ಮಾಸಿದ ಹಳೆಯ ಹಾಲಿವುಡ್ ಚಿತ್ರವೊಂದು ಬಂತು. ಕಿಟಕಿಯ ಬಳಿ ಕೂತ ಮುದುಕನೊಬ್ಬ ಸೂಜಿಗೆ ದಾರ ಪೋಣಿಸುತ್ತಿದ್ದಾನೆ. ದಾರ ಸೂಜಿಯ ಪಕ್ಕದಿಂದ ಹೋಗುತ್ತದೆ. ಮತ್ತೊಮ್ಮೆ, ಮತ್ತೆ ಪಕ್ಕದಿಂದ. ನನ್ನ ಕೈಯಲ್ಲಿದ್ದ ರಿಮೋಟು ಅಲ್ಲೇ ನಿಂತಿತು. ಈ ಮುದುಕನನ್ನು ನಾನು ಬಲ್ಲೆ. ನಲವತ್ತು ವರ್ಷಗಳ ಹಿಂದೆ, ಇದೇ ಶಹರದ ಒಂದು ಥೇಟರಿನಲ್ಲಿ, ಭಾನುವಾರದ ಮಾರ್ನಿಂಗ್ ಶೋದಲ್ಲಿ ಅವನನ್ನು ನೋಡಿದ್ದೆ. ನನ್ನ ಎಡಕ್ಕೆ ಮಲ್ಲವ್ವ ಕೂತಿದ್ದಳು, ಬಲಕ್ಕೆ ಕಸ್ತೂರಿ.

ಈ ಶಹರವನ್ನು ಆಗ ಎಲ್ಲರೂ ಬಿಜಾಪುರ ಎಂದೇ ಕರೆಯುತ್ತಿದ್ದರು. ನಾವು ಮೂವರೂ ಶಿಕ್ಷಕಿಯರ ತರಬೇತಿಗೆಂದು ಬಂದು ಹಾಸ್ಟೆಲಿನ ಒಂದೇ ಖೋಲಿಯಲ್ಲಿದ್ದೆವು. ನಾನು ಕಾಖಂಡಕಿಯವಳು, ಮಲ್ಲವ್ವ ತಿಕೋಟಾದವಳು, ಕಸ್ತೂರಿ ಬಬಲೇಶ್ವರದವಳು. ಮೂವರ ಮನೆಯಿಂದಲೂ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಬಸ್ಸಿನ ಮೇಲೆ ಬರುತ್ತಿದ್ದವು. ಯಾರ ಡಬ್ಬಿ ಯಾರದೆಂಬ ಲೆಕ್ಕ ಇರಲಿಲ್ಲ. ಭೂತನಾಳ ಕೆರೆಯ ನೀರು ನಳಕ್ಕೆ ಬರುವ ದಿನ ಮೂವರೂ ಸರದಿಯಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದೆವು. ಕಸ್ತೂರಿ ಎತ್ತರದ ಹುಡುಗಿ. ನಕ್ಕರೆ ಪಕ್ಕದ ಖೋಲಿಯವರು ಗೋಡೆ ಬಡಿಯಬೇಕು. ಮಲ್ಲವ್ವನದು ಮಾತು ಕಡಿಮೆ. ಯಾರಾದರೂ ಮಾತಾಡುವಾಗ ಅವರ ಮುಖವನ್ನು ಸಿನಿಮಾ ನೋಡಿದಂತೆ ನೋಡುತ್ತಿದ್ದಳು.

ನನ್ನ ಹೆಚ್ಚುಗಾರಿಕೆಯೆಂದರೆ ಇಂಗ್ಲಿಷ್. ಸೋದರಮಾವ ತಂದುಕೊಟ್ಟ ಹರಕು ನಿಘಂಟೊಂದನ್ನು ನಾನು ಉರು ಹೊಡೆದಿದ್ದೆ. ಅದರಲ್ಲಿ 'ಎಂ' ಅಕ್ಷರದವರೆಗೆ ಮಾತ್ರ ಹಾಳೆಗಳಿದ್ದವು. ಮುಂದಿನ ಶಬ್ದಗಳ ಬಗ್ಗೆ ಇಂದಿಗೂ ನನಗೆ ವಿಶ್ವಾಸ ಕಡಿಮೆ. ಆದರೂ ಹಾಸ್ಟೆಲಿನಲ್ಲಿ ನಾನೇ ಪಂಡಿತೆ. ಇಂಗ್ಲಿಷ್ ಸುಧಾರಿಸಿಕೊಳ್ಳಲು ಇಂಗ್ಲಿಷ್ ಸಿನಿಮಾ ನೋಡಬೇಕೆಂದು ವಾರ್ಡನ್ ಬಾಯಿಯವರನ್ನು ಒಪ್ಪಿಸಿದವಳೂ ನಾನೇ.

ಅಂದು ಗಾಂಧಿ ಚೌಕದ ಹತ್ತಿರ ಕಸ್ತೂರಿಯ ಚಪ್ಪಲಿ ಹರಿಯಿತು. ಹೊಲಿಸಿಕೊಂಡು ಹೋಗುವಷ್ಟರಲ್ಲಿ ಸಿನಿಮಾ ಶುರುವಾಗಿ ಹತ್ತು ನಿಮಿಷವಾಗಿತ್ತು. ಹಾಗಾಗಿ ಮೊದಲಿಗೆ ಬರುವ ಹೆಸರುಗಳಲ್ಲಿ ಒಂದನ್ನೂ ನಾವು ನೋಡಲಿಲ್ಲ. ಕೊನೆಯ ಹೆಸರುಗಳು ಬರುವ ಮೊದಲೇ ಥೇಟರಿನವರು ಪರದೆ ಆರಿಸಿ ದೀಪ ಹಾಕಿದ್ದರು.

ಕಥೆ ಸರಳ. ಸಣ್ಣ ಊರೊಂದರ ದರ್ಜಿಗೆ ಮೆಲ್ಲಗೆ ಕಣ್ಣು ಹೋಗುತ್ತಿದೆ. ಅದು ಊರಿಗೆಲ್ಲ ಗೊತ್ತು. ಅವನಿಗೆ ನೋವಾಗಬಾರದೆಂದು ಯಾರೂ ಬಾಯಿ ಬಿಡುವುದಿಲ್ಲ. ಅವನು ಹೊಲಿದುಕೊಟ್ಟ ಸೊಟ್ಟ ಕೋಟು, ಒಂದು ಕಾಲು ಗಿಡ್ಡಾದ ಪ್ಯಾಂಟು, ಬೆನ್ನ ಮೇಲೆ ಗುಂಡಿ ಇರುವ ಅಂಗಿಗಳನ್ನೇ ಹಾಕಿಕೊಂಡು ಇಡೀ ಊರು ಚರ್ಚಿಗೆ, ಬ್ಯಾಂಕಿಗೆ, ಮದುವೆಗೆ ಗಂಭೀರವಾಗಿ ಓಡಾಡುತ್ತದೆ. ಥೇಟರಿನಲ್ಲಿ ನಗುವೋ ನಗು. ನಾನು ಮಲ್ಲವ್ವನ ಕಿವಿಯಲ್ಲಿ ಒಂದೇ ಸವನೆ ಅನುವಾದ ಮಾಡುತ್ತಿದ್ದೆ. ತಿಳಿದದ್ದು ಕಾಲುಭಾಗ, ಉಳಿದದ್ದು ನನ್ನ ಸ್ವಂತ ಉತ್ಪಾದನೆ. ದರ್ಜಿ ಮುಖ ತಿರುಗಿಸಿ ಏನೋ ಗೊಣಗಿದಾಗ "ಮಜ್ಜಿಗಿ ಕೇಳಾಕತ್ತಾನ" ಎಂದೆ. ಮಲ್ಲವ್ವ ಪರದೆಯಿಂದ ಕಣ್ಣು ತೆಗೆಯದೆ, "ಸುಮ್ಮ ಕುಂದ್ರು ವಿಮಲಾ. ಅಂವ ಅಳಾಕತ್ತಾನ. ಅದಕ್ಕ ಇಂಗ್ಲಿಷ್ ಬೇಕಾಗಿಲ್ಲ," ಎಂದಳು.

ಆ ಮಾತು ನನಗೆ ನಾಟಿತು. ಈಗ ಅನ್ನಿಸುತ್ತದೆ, ಎಲ್ಲ ಶುರುವಾದದ್ದು ಅಲ್ಲಿಂದಲೇ.

ಆ ವರ್ಷ ಊರಿನ ಕಾಲೇಜುಗಳಿಗೆಲ್ಲ ಒಂದು ನಾಟಕ ಸ್ಪರ್ಧೆ ಇತ್ತು. ಸ್ವಂತವಾಗಿ ಬರೆದ ನಾಟಕಕ್ಕೆ ಬೇರೆಯೇ ಬಹುಮಾನ. ಮಲ್ಲವ್ವ ನೀರಿನ ಪಾಳಿಯಲ್ಲಿ ನಿಂತಲ್ಲೇ, ಕೊಡವನ್ನು ಮಗುಚಿ ಅದರ ಮೇಲೆ ವಹಿ ಇಟ್ಟುಕೊಂಡು ಹದಿನೈದು ದಿನದಲ್ಲಿ ನಾಟಕ ಬರೆದಳು. ಕೋಟು ಪ್ಯಾಂಟುಗಳ ದರ್ಜಿ ತಿಕೋಟಾದ ತುಕಾರಾಮ ಮಾಸ್ತರ ಆದ. ಚರ್ಚು ಹೋಗಿ ಸಂತೆ ಬಂತು. ಗೌಡರ ಅಂಗಿಗೆ ಮೂರು ತೋಳು ಬಂದವು, ಗೌಡತಿಯ ಖಣದ ಕುಬಸಕ್ಕೆ ಸೆರಗಿನಷ್ಟು ಉದ್ದದ ಬಾಲ ಬಂತು. ಕಾಡಿಗೆಯ ಮೀಸೆ ಬರೆದುಕೊಂಡು ಕಸ್ತೂರಿ ದರ್ಜಿಯಾದಳು. ನನಗೆ ಸಿಕ್ಕಿದ್ದು 'ಎರಡನೆಯ ಗಿರಾಕಿ'ಯ ಪಾತ್ರ. ಮೊಣಕಾಲಿನವರೆಗೆ ಇಳಿದ ತೋಳನ್ನು ಹಿಂದೆ ಬಚ್ಚಿಟ್ಟುಕೊಂಡು, "ಅಂಗಿ ಅಗದಿ ಮಜಬೂತ ಆಗೇತ್ರಿ ಮಾಸ್ತರ," ಎಂದು ಹೇಳಿ ಹೋಗಬೇಕು. ಅಷ್ಟೇ.

ಛಾಪಿಸಿದ ಕರಪತ್ರದಲ್ಲಿ 'ರಚನೆ: ಮಲ್ಲಮ್ಮ' ಎಂದು ಅವಳ ದಾಖಲೆಯ ಹೆಸರಷ್ಟೇ ಇತ್ತು. ಅದನ್ನು ನಾನು ಎಷ್ಟು ಸಲ ಓದಿದೆನೋ. ಸಿನಿಮಾಕ್ಕೆ ಕರೆದೊಯ್ದವಳು ನಾನು, ಕಥೆ ತಿಳಿಸಿ ಹೇಳಿದವಳು ನಾನು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಜ್ಜಿಗೆಯ ವಿಷಯ ಆಗ ಮರೆತಿತ್ತು.

ಪ್ರಯೋಗದ ದಿನ ಸಭಾಂಗಣ ನಗೆಯಿಂದ ಬಿರಿಯಿತು. ಕೊನೆಯ ದೃಶ್ಯದಲ್ಲಿ ಮಾತ್ರ ಮಂದಿ ಕಣ್ಣೊರೆಸಿಕೊಳ್ಳತೊಡಗಿದರು. ಎಲ್ಲರೂ ಹೋದ ಮೇಲೆ ತುಕಾರಾಮ ಒಬ್ಬನೇ ಮಷೀನಿನ ಮುಂದೆ ಕೂತು ಹೇಳುತ್ತಾನೆ: "ನನ್ನ ಕಣ್ಣ ಹೋಗ್ಯಾವು ಅಂತ ಊರಿಗೆ ಗೊತ್ತೈತಿ. ಊರಿಗೆ ಗೊತ್ತೈತಿ ಅನ್ನೂದು ನನಗೂ ಗೊತ್ತೈತಿ. ಆದರ ಅವರು ಇಷ್ಟು ಜತನದಿಂದ ಹೊಲದಿಟ್ಟ ಸುಳ್ಳ, ನಾ ಹ್ಯಾಂಗ ಹರೀಲಿ? ಆಗಲಿ, ಇನ್ನೊಂದ ಅಂಗಿ ಹೊಲೀತೀನಿ." ಅಷ್ಟು ಹೇಳಿ ಅವನು ದಾರವಿಲ್ಲದ ಮಷೀನು ತುಳಿಯತೊಡಗುತ್ತಾನೆ. ಅಲ್ಲಿಗೆ ತೆರೆ.

ತೀರ್ಪುಗಾರರಲ್ಲಿ ಒಬ್ಬರು ಹಳೆಯ ನಾಟಕದ ಮಾಸ್ತರು. ಕೋಲೂರಿಕೊಂಡು ಬಣ್ಣ ಹಚ್ಚುವ ಖೋಲಿಗೆ ಬಂದರು.

"ಕಡೀ ಮಾತು ಯಾರು ಬರದದ್ದವಾ?"

"ನಾನ್ರಿ," ಎಂದಳು ಮಲ್ಲವ್ವ, ನೆಲ ನೋಡುತ್ತ.

ಅವರು ಅವಳ ತಲೆಯ ಮೇಲೆ ಕೈಯಿಟ್ಟರು. "ಏನ್ ಬಿಟ್ಟರೂ ಬರಿಯೂದ ಬಿಡಬ್ಯಾಡ, ತಂಗಿ." ಹೋಗುವಾಗ ಕಸ್ತೂರಿಯ ಮೀಸೆ ನೋಡಿ ನಕ್ಕರು. ನನ್ನ ಕಡೆ ನೋಡಲಿಲ್ಲ. ನೋಡಲು ಕಾರಣವಾದರೂ ಏನಿತ್ತು?

ಎಲ್ಲರೂ ಚುರುಮುರಿ, ಮಿರ್ಚಿ ತಿನ್ನಲು ಹೊರಗೆ ಹೋದರು. ನಾನು ತಲೆನೋವೆಂದು ಉಳಿದೆ. ಅಲ್ಲಿದ್ದ ಒಂದು ಹಾಳೆ ಹರಿದು, ಎಡಗೈಯಿಂದ ಬರೆದೆ: 'ಈ ನಾಟಕ ಸ್ವಂತದ್ದಲ್ಲ. ಇಂಗ್ಲಿಷ್ ಸಿನಿಮಾದ ಕಳ್ಳ ನಕಲು. ಥೇಟರಿನವರನ್ನು ಕೇಳಿದರೆ ತಿಳಿದೀತು.' ಬರೆಯಲು ಬಳಸಿದ್ದು ಕನ್ನಡಿಯ ಮುಂದೆ ಬಿದ್ದಿದ್ದ ಕಸ್ತೂರಿಯ ಪೆನ್ನನ್ನು. ಅವಳ ಕಾಕಾ ಎಲ್ಲಿಂದಲೋ ಹಸಿರು ಶಾಯಿಯ ದೌತಿ ತಂದುಕೊಟ್ಟಿದ್ದರು. ಅವಳು ವರ್ಷವಿಡೀ ಹಸಿರಲ್ಲೇ ಬರೆಯುತ್ತಿದ್ದಳು. ಚೀಟಿಯನ್ನು ತೀರ್ಪುಗಾರರ ಕಾಗದಗಳ ನಡುವೆ ಇಟ್ಟು ಬಂದು, ನಾನೂ ಹೊರಗೆ ಹೋಗಿ ಮಿರ್ಚಿ ತಿಂದೆ. ಖಾರವಾಗಿತ್ತು. ಅದು ಇಂದಿಗೂ ನೆನಪಿದೆ.

ಮರುದಿನ ಫಲಿತಾಂಶ ಓದುವಾಗ, ಸ್ವಂತ ರಚನೆಯಲ್ಲವೆಂದು ದೂರು ಬಂದದ್ದರಿಂದ ನಮ್ಮ ನಾಟಕವನ್ನು ಸ್ಪರ್ಧೆಯಿಂದ ಕೈಬಿಡಲಾಗಿದೆ ಎಂದರು. ಮಲ್ಲವ್ವನನ್ನು ಪ್ರಿನ್ಸಿಪಾಲರು ಒಬ್ಬಳನ್ನೇ ಕರೆಸಿದರು. ಅರ್ಧ ತಾಸಿನ ಮೇಲೆ ಹೊರಗೆ ಬಂದಳು.

"ಏನಂದ್ರು? ನೀ ಏನಂದಿ?" ಎಂದು ಕೇಳಿದೆ.

"ಸಿನಿಮಾ ನೋಡಿದ್ದಿ ಏನ ಅಂದ್ರು. ಹೌದು ಅಂದೆ. ನೋಡಿದ್ದು ಖರೇ ಐತಲ್ಲ."

ಖೋಲಿಗೆ ಬಂದು ವಹಿಯನ್ನು ಟ್ರಂಕಿನ ತಳದಲ್ಲಿ ಇಟ್ಟು ಬೀಗ ಹಾಕಿದಳು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಆ ಅಳು ನಟನೆಯಾಗಿದ್ದರೆ ಒಂದು ಮಾತು. ಅದು ನಿಜವಾದ ಅಳು. ಆ ಚೀಟಿ ಬೇರೆ ಯಾರೋ ಬರೆದರೆಂಬಂತೆ ನನಗೇ ದುಃಖವಾಗಿತ್ತು. ಇಂಥ ಕಣ್ಣೀರಿಗೆ ಏನನ್ನಬೇಕೋ ತಿಳಿಯದು. ನನ್ನ ನಿಘಂಟಿನಲ್ಲಿ ಅದು 'ಎಂ' ಅಕ್ಷರದ ಆಚೆಗಿತ್ತೇನೋ.

ಆಮೇಲೆ ಮಲ್ಲವ್ವ ಕಸ್ತೂರಿಯ ಜೊತೆ ಮಾತು ಬಿಟ್ಟಳು. ಕಸ್ತೂರಿ ಕೆಲವು ದಿನ ಅವಳ ಹಿಂದೆ ಹಿಂದೆ ತಿರುಗಿದಳು. ಕೊನೆಗೆ ಬೇರೆ ಖೋಲಿಗೆ ಹೋದಳು. ಹುಡುಗಿಯರ ಹಾಸ್ಟೆಲಿನಲ್ಲಿ ಮಾತು ಬಿಡಲು ದೊಡ್ಡ ಕಾರಣ ಬೇಕಾಗುವುದಿಲ್ಲ, ನಾನೂ ಕೇಳಲಿಲ್ಲ. ಕೇಳಲಿಲ್ಲವೋ, ಕೇಳಬಾರದೆಂದು ಬಿಟ್ಟೆನೋ. ಇದನ್ನು ಬರೆಯುವಾಗಲೂ ಒಂದು ಕಡೆ ನಿಲ್ಲಲಾರೆ.

ವರ್ಷಗಳು ಹೋದವು. ನಾನು ಇಲ್ಲೇ ಶಹರದಲ್ಲಿ ಕೆಲಸಕ್ಕೆ ಸೇರಿದೆ. ಮಲ್ಲವ್ವನಿಗೆ ತಿಕೋಟಾದಲ್ಲೇ ಮದುವೆಯಾಯಿತು. ಮಾಸ್ತರಿಕೆಗೆ ಹೋಗದೆ ಗಂಡನ ಜೊತೆ ದ್ರಾಕ್ಷಿ ತೋಟ ಮಾಡಿದಳು. ಈಗ ಅವಳದೇ ಒಣದ್ರಾಕ್ಷಿಯ ಶೆಡ್ಡು ಇದೆ, ಹತ್ತಿಪ್ಪತ್ತು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಪ್ರತಿ ವರ್ಷ ತಪ್ಪದೆ ನನಗೊಂದು ಡಬ್ಬಿ ಒಣದ್ರಾಕ್ಷಿ ಕಳಿಸುತ್ತಿದ್ದಳು. ಪಾಯಸಕ್ಕೆ ಹಾಕುವಾಗಲೆಲ್ಲ ನನಗೆ ಒಂದು ಸಣ್ಣ ಮುಳ್ಳು ಆಡಿದಂತಾಗುತ್ತಿತ್ತು. ಆದರೆ ಪಾಯಸ ಉಣ್ಣುವುದನ್ನು ಬಿಟ್ಟವಳಲ್ಲ.

ಇಷ್ಟು ವರ್ಷ ನನಗೊಂದು ಆಸರೆ ಇತ್ತು. ನಾನು ಮಾಡಿದ್ದು ಕೆಟ್ಟದ್ದಿರಬಹುದು, ಬರೆದದ್ದು ಸುಳ್ಳಲ್ಲ, ನಾಟಕ ನಕಲೇ ಆಗಿತ್ತು ಎಂಬ ಆಸರೆ. ಹೋದ ಚಳಿಗಾಲದ ಆ ಮಧ್ಯಾಹ್ನ ಸಿನಿಮಾ ಮುಗಿಯಿತು. ನಾನು ಎಂದಿನಂತೆ ಹಾಜರಿ ತೆಗೆದುಕೊಳ್ಳುತ್ತ ಕೂತೆ. ಹೆಸರುಗಳ ನಡುವೆ ಸಣ್ಣ ಅಕ್ಷರದ ಒಂದು ಸಾಲು ಹೋಯಿತು. ಹಿಂದಕ್ಕೆ ತಿರುಗಿಸಿ ಮತ್ತೆ ಓದಿದೆ. ಈ ಚಿತ್ರ ಒಂದು ಫ್ರೆಂಚ್ ಚಿತ್ರವನ್ನು ಆಧರಿಸಿದ್ದು ಎಂದಿತ್ತು.

ನಾವು ಯಾವುದನ್ನು ಅಸಲು ಎಂದುಕೊಂಡಿದ್ದೆವೋ ಅದೂ ಇನ್ನೊಬ್ಬರ ದರ್ಜಿಯನ್ನು ತಂದು ತಮ್ಮೂರಿನಲ್ಲಿ ಕೂಡಿಸಿಕೊಂಡದ್ದು. ಅವರು ಅದನ್ನು ಧೈರ್ಯವಾಗಿ ಬರೆದುಕೊಂಡಿದ್ದರು, ಯಾರೂ ಅವರನ್ನು ಕಳ್ಳರೆನ್ನಲಿಲ್ಲ. ಮಗಳ ಕೈಕಾಲು ಹಿಡಿದು, ಎಂಟು ದಿನ ಹುಡುಕಿಸಿ ಆ ಫ್ರೆಂಚ್ ಚಿತ್ರವನ್ನೂ ನೋಡಿದೆ. ಅದರಲ್ಲಿ ದರ್ಜಿ ನಿಜ ತಿಳಿದ ದಿನವೇ ಅಂಗಡಿ ಮುಚ್ಚಿ ಊರು ಬಿಟ್ಟು ಹೋಗುತ್ತಾನೆ. ಹಾಲಿವುಡ್ಡಿನವರಿಗೆ ಅಷ್ಟು ದುಃಖ ಒಗ್ಗಲಿಲ್ಲವೇನೋ, ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಊರವರಿಗೆಲ್ಲ ಹೊಸ ಕೋಟು ಹೊಲಿಸಿದ್ದಾರೆ. ಎಲ್ಲ ಗೊತ್ತಿದ್ದೂ ಊರವರ ಸಲುವಾಗಿ ದಾರವಿಲ್ಲದ ಮಷೀನು ತುಳಿಯುವ ದರ್ಜಿ ಆ ಎರಡರಲ್ಲಿಯೂ ಇಲ್ಲ. ಅವನು ತಿಕೋಟಾದವನು. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಮಗುಚಿದ ಕೊಡದ ಮೇಲೆ ಅವನನ್ನು ಬರೆದಳು. ಅವನನ್ನೇ ನಾನು ಕಳ್ಳ ನಕಲು ಎಂದೆ.

ಹತ್ತು ದಿನ ಹೊರಳಾಡಿ ಕೊನೆಗೊಂದು ಬೆಳಿಗ್ಗೆ ತಿಕೋಟಾದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಒಂದು ಆಸೆಯಿತ್ತು. ಅದನ್ನೂ ಹೇಳಿಬಿಡುತ್ತೇನೆ. ನಾಟಕದ ತುಕಾರಾಮನಂತೆ ಮಲ್ಲವ್ವನಿಗೂ ಎಲ್ಲ ಗೊತ್ತಿದ್ದಿರಬಹುದು, ಗೊತ್ತಿದ್ದೂ ನನ್ನ ಸಲುವಾಗಿ ಸುಮ್ಮನಿದ್ದಿರಬಹುದು, ಇಲ್ಲದಿದ್ದರೆ ವರ್ಷಾ ವರ್ಷಾ ಒಣದ್ರಾಕ್ಷಿ ಏಕೆ ಕಳಿಸುತ್ತಾಳೆ? 'ನನಗ ಅವತ್ತ ಗೊತ್ತಿತ್ತ ಬಿಡು ವಿಮಲಾ' ಎಂದು ಅವಳು ನಗುತ್ತಾಳೆ, ನಾನು ಅಳುತ್ತೇನೆ, ಹಗುರಾಗಿ ಸಂಜೆಯ ಬಸ್ಸಿಗೆ ಮರಳುತ್ತೇನೆ. ತಪ್ಪು ಮಾಡಿದವರು ತಮ್ಮ ಕ್ಷಮೆಯನ್ನೂ ತಾವೇ ಬರೆದುಕೊಂಡು ಹೋಗುತ್ತಾರೆ.

ಶೆಡ್ಡಿನಲ್ಲಿ ಬಲೆಗಳ ಅಂತಸ್ತಿನ ಮೇಲೆ ಹಸಿ ದ್ರಾಕ್ಷಿ ಹರವಿತ್ತು. ಮಲ್ಲವ್ವ ಕೈಗವಸು ತೆಗೆದು ಬಂದಳು. "ಏನ ವಿಮಲಾ, ಹೇಳದ ಕೇಳದ ಬಂದಿ? ಎಲ್ಲಾ ಅರಾಮ?" ಎಂದು ಹೊರಸು ಜಾಡಿಸಿ ಕೂಡಿಸಿದಳು. ಚಹಾ ಬಂತು. ನಾನು ಫ್ರೆಂಚಿನಿಂದ ಆರಂಭಿಸಿದೆ. ಅವಳು ಬಾಯಿ ಬಿಟ್ಟು ಕೇಳಿದಳು, ಆಮೇಲೆ ಮೊಣಕಾಲು ತಟ್ಟಿಕೊಂಡು ನಕ್ಕಳು. "ಹಂಗಾದರ ಅವರೂ ನಕಲಿಯವರ! ಯಪ್ಪಾ, ನಾ ಒಬ್ಬಾಕೀನ ಅಂತ ತಿಳಕೊಂಡಿದ್ದೆ."

ಆ ನಗು ಆರುವ ಮೊದಲೇ ಹೇಳಿದೆ, "ಮಲ್ಲವ್ವ, ಆ ಚೀಟಿ ಬರದಾಕಿ ನಾನು."

ಅಷ್ಟರಲ್ಲಿ ಯಾರೋ ಕೆಲಸದವಳು "ಅಕ್ಕಾರ, ಕ್ರೇಟ್ ಸಾಲಂಗಿಲ್ರಿ" ಎಂದು ಕೂಗಿದಳು. ಮಲ್ಲವ್ವ ಆ ಕಡೆ ತಿರುಗಿ ಉತ್ತರ ಕೊಟ್ಟು, "ಏನಂದಿ?" ಎಂದಳು. ತಪ್ಪೊಪ್ಪಿಗೆಯನ್ನು ಎರಡು ಸಲ ಹೇಳಬೇಕಾದೀತೆಂದು ನಾನು ಎಣಿಸಿರಲಿಲ್ಲ. ಎರಡನೆಯ ಸಲ ಬಹಳ ಕಷ್ಟ. ಹೇಳಿದೆ.

ಅವಳು ಕೈಯಲ್ಲಿದ್ದ ಚಹಾದ ಕಪ್ಪನ್ನು ಹೊರಸಿನ ಕೆಳಗಿಟ್ಟಳು.

"ಅದು ಹಸರ ಶಾಯಿ ಇತ್ತು," ಎಂದಳು.

"ಹೌದು. ಕಸ್ತೂರಿ ಪೆನ್ನು."

"ಪ್ರಿನ್ಸಿಪಾಲರು ಆ ಚೀಟಿ ನನ್ನ ಕೈಯಾಗ ಕೊಟ್ಟಿದ್ದರು. ಹಸರ ಶಾಯಿ ನೋಡಿದೆ. ಇಡೀ ಕಾಲೇಜಿನ್ಯಾಗ ಹಸರ ಶಾಯಿ ಆಕಿದೊಂದ ಇತ್ತು. ಇನ್ನ ಕೇಳೂದೇನೈತಿ ಅಂತ ಯಾರಿಗೂ ಏನೂ ಕೇಳಲಿಲ್ಲ." ಅವಳ ದನಿ ಏರಲಿಲ್ಲ. "ಆಕಿ ಲಗ್ನಕ್ಕ ಕರದಿದ್ಲು, ನಾ ಹೋಗಲಿಲ್ಲ. ಮೂರ ಪತ್ರ ಬರದ್ಲು, ಒಡೀದ ಒಲಿಗೆ ಹಾಕಿದೆ. ಗಂಡ ಸತ್ತಾನ ಅಂತ ಸುದ್ದಿ ಬಂತು. ತಾಸಿನ ಹಾದಿ ಐತಿ ಬಬಲೇಶ್ವರ, ಆಗೂ ಹೋಗಲಿಲ್ಲ."

"ನನಗ ಗೊತ್ತಿರಲಿಲ್ಲ ಮಲ್ಲವ್ವ. ಚೀಟಿ ನಿನಗ ತೋರಿಸ್ಯಾರ ಅಂತ..."

"ಬೇಕಂತ ಆಕಿ ಪೆನ್ನ ತಗೊಂಡ್ಯಾ?"

"ಕೈಗೆ ಹತ್ತರ ಇತ್ತು."

"ನಿನ್ನ ಪೆನ್ನ ಎಲ್ಲಿತ್ತು?"

ನನ್ನ ಪೆನ್ನು ಕೊರಳ ಬಳಿ ಜಂಪರಿಗೆ ಸಿಕ್ಕಿಸಿಕೊಂಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ. ಯಾವಾಗಲೂ ಹಾಗೆಯೇ ಇಟ್ಟುಕೊಳ್ಳುತ್ತಿದ್ದೆ. ಅವಳಿಗೂ ಅದು ನೆನಪಿರಬೇಕು, ಉತ್ತರಕ್ಕೆ ಕಾಯಲಿಲ್ಲ.

"ನಾಟಕ ಹೋತು, ಹೋಗಲಿ. ನಾ ಬರಿಯೂದ ಬಿಟ್ಟಿದ್ದು ನಾಟಕ ಹೋತಂತ ಅಲ್ಲ. ಯಾವಾಕಿ ಬಾಯಿಲೆ ನನ್ನ ಮಾತ ಕೇಳಿ ಮಂದಿ ಅತ್ತರೋ ಆಕೀನ ಹಿಂಗ ಮಾಡ್ಯಾಳಂದರ, ಇನ್ನ ಯಾರ ಬಾಯಾಗ ಮಾತ ಇಡೂದು ಅಂತ ಬಿಟ್ಟೆ." ಎದ್ದು ಕೈಗವಸು ಹಾಕಿಕೊಂಡಳು. "ಬಬಲೇಶ್ವರಕ್ಕ ಹೋಗು. ಆಕಿ ಮುಂದ ಹೇಳು. ಆಮ್ಯಾಲ ಬೇಕಾದರ ನಾ ಮಾತಾಡತೀನಿ. ಈಗ ನಾ ಯಾವ ಮಾರಿ ತಗೊಂಡ ಹೋಗ್ಲಿ?"

ಬರುವಾಗ ಒಣದ್ರಾಕ್ಷಿ ಕೊಡಲಿಲ್ಲ. ಕೊಟ್ಟಿದ್ದರೆ ತೆಗೆದುಕೊಳ್ಳುವ ಧೈರ್ಯ ನನಗೂ ಇರಲಿಲ್ಲ.

ಬಬಲೇಶ್ವರಕ್ಕೆ ಹೋದದ್ದು ಮೂರು ದಿನ ಬಿಟ್ಟು. ಸಂತೆಯ ದಿನ. ಬಸ್‌ಸ್ಟ್ಯಾಂಡಿನಿಂದ ಜನರ ನಡುವೆ ತೂರಿಕೊಂಡು, ಕೇಳಿಕೊಂಡು ಹೋದೆ. ಕಸ್ತೂರಿ ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತಳಾಗಿದ್ದಾಳೆ. ಮಗಳು ಅಳಿಯ ಜೊತೆಗಿದ್ದಾರೆ. ಮನೆಯ ಮುಂದಿನ ಖೋಲಿಯಲ್ಲಿ ವಹಿ, ಪೆನ್ನು, ಬಳೆ, ಟಿಕಳಿಗಳ ಸಣ್ಣ ಅಂಗಡಿ. ಎತ್ತರ ಸ್ವಲ್ಪ ಬಾಗಿದೆ, ನಗು ಮಾತ್ರ ಬಾಗಿಲ್ಲ.

"ಏ ವಿಮಲಿ! ನೀನ ಏನ? ಒಳಗ ಬಾ. ಹಿಂಗ ಸಣ್ಣಗಾದರ ಹ್ಯಾಂಗ?" ಎಂದು ಕೈ ಹಿಡಿದು ಎಳೆದುಕೊಂಡಳು. ಮಗಳನ್ನು ಕರೆದು ಅವಲಕ್ಕಿ ಒಗ್ಗರಿಸಲು ಹೇಳಿದಳು. ಅವಲಕ್ಕಿ ತಿಂದರೆ ಹೇಳಲಾರೆ ಎನ್ನಿಸಿ ಕೂತ ಕೂಡಲೇ ಹೇಳಿಬಿಟ್ಟೆ. ಚೀಟಿ, ಎಡಗೈ, ಅವಳ ಪೆನ್ನು, ಹಸಿರು ಶಾಯಿ, ಮಲ್ಲವ್ವನ ಸಂಶಯ, ಎಲ್ಲವನ್ನೂ.

ಅವಳು ಕಣ್ಣು ಕಿರಿದು ಮಾಡಿ ಕೇಳಿದಳು. "ಯಾವ ಚೀಟಿ?"

ಅವಳಿಗೆ ಚೀಟಿಯ ಸುದ್ದಿಯೇ ಗೊತ್ತಿರಲಿಲ್ಲ. ದೂರು ಯಾರದೋ ಬಾಯಿಮಾತಿನದು ಎಂದುಕೊಂಡಿದ್ದಳು. ನಾನು ಮತ್ತೊಮ್ಮೆ ಹೇಳಿದೆ. ಈ ಸಲ ಅವಳು ಅಂಗಡಿಯ ಕಟ್ಟೆ ಹಿಡಿದು ಮೆಲ್ಲಗೆ ಕೂತಳು.

"ಹಂಗಾದರ... ನಾಟಕದಾಗ ಸಾಲು ಮರತದ್ದಕ್ಕ ಅಲ್ಲ?"

"ಯಾವ ಸಾಲು?"

"ಕಡೀ ಮಾತಿನ್ಯಾಗ ನಾ ಒಂದ ಸಾಲ ಬಿಟ್ಟಿದ್ದೆ ವಿಮಲಾ. 'ನಾಳಿ ಬರತಾರ, ಮತ್ತ ಚಲೋ ಆಗೇತಿ ಅಂತಾರ' ಅಂತ ಇತ್ತು. ಅಲ್ಲಿ ಬಾಯಿಗೆ ಬರಲಿಲ್ಲ. ಹಂಗ ಮುಂದ ಹೋದೆ. ನಾಟಕ ತಗದ ಹಾಕಿದ್ರು, ಮಲ್ಲವ್ವ ಮಾತ ಬಿಟ್ಲು. ಆಕಿ ಅಷ್ಟು ಕಷ್ಟಪಟ್ಟು ಬರದಿದ್ದ ಸಾಲ ನುಂಗಿ ಕೆಡಿಸಿದೆ, ಅದಕ್ಕ ಸಿಟ್ಟಾಗ್ಯಾಳ ಅಂತ ತಿಳದಿದ್ದೆ. ಪತ್ರದಾಗೂ ಅದನ್ನ ಬರದಿದ್ದೆ, ತಪ್ಪಾತು ಅಂತ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಲ್ಯಾಗ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಸೂವಾಗ, ಒಂದ ಸಾಲ ಬಿಟ್ಟರೂ ನಾ ಬಿಡತಿರಲಿಲ್ಲ. ಎಷ್ಟ ಮಕ್ಕಳಿಗೆ ಬೈದೀನೋ ಇದರ ಸಲುವಾಗಿ."

ಆ ಸಾಲು ಬಿಟ್ಟುಹೋದದ್ದು ಅಂದು ಯಾರಿಗೂ ತಿಳಿದಿರಲಿಲ್ಲ. ನಾನು ಪಕ್ಕದ ಪರದೆಯ ಹಿಂದೆಯೇ ನಿಂತಿದ್ದೆ, ನನಗೂ ತಿಳಿದಿರಲಿಲ್ಲ. ನಾನು ಬರೆದದ್ದು ಮೂರು ಸಾಲಿನ ಚೀಟಿ. ಅದರಿಂದ ಒಬ್ಬಳು ಬರೆಯುವುದನ್ನು ಬಿಟ್ಟಳು. ಇನ್ನೊಬ್ಬಳು ಇಲ್ಲದ ತಪ್ಪೊಂದನ್ನು ನಲವತ್ತು ವರ್ಷ ಹೊತ್ತಳು. ಬರೆದವಳು ಮಾತ್ರ ಮಕ್ಕಳಿಗೆ ಪ್ರಾಮಾಣಿಕತೆಯ ಪ್ರಬಂಧ ಬರೆಸಿ, ಹತ್ತಕ್ಕೆ ಆರು, ಏಳು ಎಂದು ಗುಣ ಹಾಕುತ್ತ ಕೂತಿದ್ದಳು.

"ಬೈಯಿ ಕಸ್ತೂರಿ," ಎಂದೆ. "ಏನರ ಅನ್ನು."

"ಏನನ್ಲಿ?" ಎಂದಳು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಕೂತುಕೊಳ್ಳಲು ಒಂದು ಜಾಗ ಸಿಗುತ್ತಿತ್ತು. "ಮಲ್ಲವ್ವನ ನಂಬರ ಐತೇನು ನಿನ್ನ ಹತ್ತರ?"

ನಾನೇ ನನ್ನ ಫೋನಿನಿಂದ ಹಚ್ಚಿಕೊಟ್ಟೆ. ಎರಡು ಸಲ ರಿಂಗಾದ ಮೇಲೆ ಆ ಕಡೆಯಿಂದ "ಹೇಳು ವಿಮಲಾ" ಎಂಬ ಒಣ ದನಿ ಬಂತು. ನಾನು ಫೋನನ್ನು ಕಸ್ತೂರಿಯ ಕೈಗೆ ಕೊಟ್ಟೆ. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಮಲ್ಲಿ, ನಾನಬೇ. ಕಸ್ತೂರಿ."

ಆ ಕಡೆಯಿಂದ ಬಿಕ್ಕಿದ ಸದ್ದು ಬಂತು. ಕಸ್ತೂರಿ, "ಅಳಬ್ಯಾಡ. ಏ, ಅಳಬ್ಯಾಡ ಅಂದ್ನೆಲ್ಲ," ಎನ್ನುತ್ತ ತಾನೇ ಅಳತೊಡಗಿದಳು. ನಾನು ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂತೆ.

ಸಂತೆ ಇಳಿಯುತ್ತಿತ್ತು. ಉಳ್ಳಾಗಡ್ಡಿಯ ಗುಡ್ಡೆಗಳು ಚೀಲ ಸೇರುತ್ತಿದ್ದವು. ಒಬ್ಬ ಹೆಣ್ಣುಮಗಳು ಬಂದು ಪಿನ್ನು ಕೇಳಿದಳು. ನಾನೇ ಒಳಗೆ ಕೈ ಹಾಕಿ ಹುಡುಕಿ ಕೊಟ್ಟೆ. ಒಳಗಿನಿಂದ ತುಂಡು ತುಂಡು ಮಾತುಗಳು ಬರುತ್ತಿದ್ದವು. ಮಗಳಿಗೆ ಎಷ್ಟು ಮಕ್ಕಳು, ಯಾವಾಗ ಮೊಣಕಾಲು ಹಿಡಿಯಿತು, ಗಂಡ ಹೋದದ್ದು ಹೇಗೆ. ನಡುವೆ ಒಮ್ಮೆ ಕಸ್ತೂರಿ ಆ ಬಿಟ್ಟ ಸಾಲನ್ನು, ಅದರ ಹಿಂದಿನದನ್ನು, ಮುಂದಿನದನ್ನು ಸೇರಿಸಿ ತುಕಾರಾಮನ ದನಿಯಲ್ಲೇ ಪೂರ್ತಿ ಹೇಳಿದಳು. ಆಮೇಲೆ ನಕ್ಕಳು. ಗೋಡೆ ಬಡಿಯಬೇಕಾದಂಥ ನಗು.

"ವಿಮಲಾನ? ಇಲ್ಲೇ ಹೊರಗ ಕುಂತಾಳ. ಕೊಡ್ಲೇನು?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಎದ್ದು ನಿಂತೆ. ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಸ್ತೂರಿಯೇ ತಗ್ಗಿದ ದನಿಯಲ್ಲಿ, "ಹೂಂ... ಹಂಗಾದರ ಇರಲಿ ಬಿಡು," ಎಂದಳು. ಮಾತು ದ್ರಾಕ್ಷಿಯ ಕಡೆಗೆ ಹೊರಳಿತು.

ನಾನು ಮತ್ತೆ ಕೂತೆ. ಶಹರಕ್ಕೆ ಹೋಗುವ ಬಸ್ಸು ಬಂದು ಅಂಗಡಿಯ ಮುಂದಿನ ರಸ್ತೆಯಲ್ಲೇ ನಿಂತಿತು. ಕಂಡಕ್ಟರ್ "ಬಿಜಾಪುರ, ಬಿಜಾಪುರ" ಎಂದು ಎರಡು ಸಲ ಕೂಗಿ, ನನ್ನ ಕಡೆ ಒಮ್ಮೆ ನೋಡಿ, ಸೀಟಿ ಊದಿದ. ಫೋನು ಕೇಳಿ ಇಸಿದುಕೊಳ್ಳಲು ಮನಸ್ಸಾಗಲಿಲ್ಲ. ಬಸ್ಸು ಹೋಯಿತು.

"ವಿಮಲಾ, ಇದರ ಚಾರ್ಜ್ ಮುಗಿಯಾಕ ಬಂದೈತಿ, ಕೆಂಪಗ ತೋರಸಾಕತ್ತೈತಿ!" ಎಂದು ಕಸ್ತೂರಿ ಒಳಗಿನಿಂದ ಗಾಬರಿಯಿಂದ ಕೂಗಿದಳು.

ನಾನು ಒಳಗೆ ಹೋಗಿ ಅವಳ ಮಗಳಿಂದ ಚಾರ್ಜರ್ ಕೇಳಿ ತಂದೆ. ಫೋನು ಅವಳ ಕಿವಿಯಿಂದ ಅಲುಗದಂತೆ ತಂತಿ ಸಿಕ್ಕಿಸಿದೆ. ಅವಳು ಮಾತು ನಿಲ್ಲಿಸದೆ ನನ್ನ ಕಡೆ ತಲೆಯಾಡಿಸಿದಳು. ನಾನು ಹೊರಗೆ ಬಂದು, ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಯಾರನ್ನೂ ಕೇಳದೆ, ಮೆಟ್ಟಿಲ ಮೇಲೆ ಕೂತುಕೊಂಡೆ.